ಕೊಟ್ಟಿಗೆ ಸೇರಿದ ವಿಭೂತಿ

ತಾಳವಾಡಿಯಲ್ಲಿ ರೇಡಿಯೊ ರಿಪೇರಿ ಮಾಡುತ್ತಿದ್ದ ಶಿವಶಂಕರಪ್ಪನಿಗೆ ತನ್ನ ಕೈಗುಣದ ಮೇಲೆ ಭಾರೀ ಅಭಿಮಾನ. ಕೈ ಚೆನ್ನಾಗಿಯೇ ಇತ್ತು, ಸುಳ್ಳೇಕೆ ಹೇಳಲಿ. ಹಿಡಿತ ತಪ್ಪುತ್ತಿದ್ದದ್ದು ಬಾಯಿ. ಎಂಬತ್ತಾರನೇ ಇಸವಿಯಲ್ಲಿ ಅವನು ಕೊಯಮತ್ತೂರಿನಿಂದ ಬಿಡಿಭಾಗ ತಂದು, ಪತ್ರಿಕೆಯೊಂದರ ನಕ್ಷೆ ನೋಡಿಕೊಂಡು, ಮನೆಯ ನಡುಕೋಣೆಯಲ್ಲೇ ಒಂದು ಕಂಪ್ಯೂಟರ್ ಕಟ್ಟಿದ. ತಗಡಿನ ಪೆಟ್ಟಿಗೆ, ಒಳಗೆ ಲೋಹದ ಕಾಲಿನ ಚಿಪ್ಪುಗಳು ಕೂತ ಹಸಿರು ಹಲಗೆ, ಪರದೆಗೆ ಒಂದು ಹಳೆಯ ಟೀವಿ. ದಿಂಬಂ ಘಾಟಿಯ ಈಚೆಗೆ ಇಂಥದ್ದು ಇನ್ನೊಂದಿಲ್ಲ ಎಂದು ಅವನೇ ಊರೆಲ್ಲ ಸಾರಿಕೊಂಡು ಬಂದ.

ಸಗಣಿ ಎರಚಾಡುವ ಗುಮಟಾಪುರದ ಹಬ್ಬ ಮುಗಿದ ವಾರ, ಪಕ್ಕದ ಮನೆಯ ಸಿದ್ದಮಲ್ಲಪ್ಪನನ್ನೂ ಬೀದಿಯ ಹಿರಿಯರನ್ನೂ ನೋಡಲು ಕರೆದ. ಅಂದು ಬೆಳಿಗ್ಗೆ ಅವನ ತಾಯಿ ಪುಟ್ಟಮಲ್ಲಮ್ಮ ಮಿಂದು ಬಂದು, ನೇಗಿಲಿಗೂ ರಾಗಿ ಕಣಜಕ್ಕೂ ಎಳೆಯುವ ಹಾಗೆ ಆ ಪೆಟ್ಟಿಗೆಗೂ ಮೂರು ಬೆರಳಲ್ಲಿ ವಿಭೂತಿ ಎಳೆದಿದ್ದಳು. ಮಗನ ಮಿಷಿನ್ನು ಚೆನ್ನಾಗಿ ನಡೆಯಲಿ ಎಂದು, ಮತ್ತೇನಕ್ಕೆ?

ಎಲ್ಲರೂ ಕೂತ ಮೇಲೆ ಶಿವಶಂಕರಪ್ಪ ಮುಚ್ಚಳ ತೆಗೆದಿಟ್ಟು, ಅವ್ವನ ಹೆಸರನ್ನು ಕೀಬೋರ್ಡಿನ ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತಿದ. ಹೆಸರು ಟೀವಿಯ ಮೇಲೆ ಮೂಡಿತು.

"ಇದ ನೆನಪಲ್ಲಿ ಮಡಿಕತದ. ನೆನಪೆಲ್ಲ ಇರದು ಈ ಎಂಟು ಚಿಪ್ಪಲ್ಲಿ, ನೋಡಿ" ಎಂದು ಪೆಟ್ಟಿಗೆಯ ಮೇಲೆ ಬಗ್ಗಿ ತೋರಿಸಿದ.

ಅಷ್ಟರಲ್ಲಿ ಹೆಸರು ಕಲಸುಮೇಲೋಗರವಾಗಿ, ಪರದೆಯ ತುಂಬ ಚುಕ್ಕಿ ಗೆರೆಗಳು ಸುರಿದವು. ಮತ್ತೆ ಒತ್ತಿದ, ಮತ್ತೆ ಬಗ್ಗಿದ, ಮತ್ತೆ ಅದೇ ಕತೆ. ಯಾರೋ ಕಿಸಕ್ಕೆಂದರು. ಅವನ ಕಣ್ಣು ವಿಭೂತಿಯ ಪಟ್ಟೆಯ ಮೇಲೆ ಬಿತ್ತು.

"ಇದ್ಕ ಬೂದಿ ಬಳಿ ಅಂತ ನಿಂಗ ಯಾರವ್ವ ಅಂದೋರು? ಒಳ್ಗೆಲ್ಲ ಉದುರ್ಸಿ ಕೆಡುಸ್ಬುಟ್ಟಲ್ಲ. ಇನ್ನ ಇದ್ರ ತಾವ್ಕ ಬರ್ಬ್ಯಾಡ."

ಪುಟ್ಟಮಲ್ಲಮ್ಮ ಬೆರಳನ್ನು ಸೆರಗಿಗೆ ಒರೆಸಿಕೊಂಡಳು. ಎದ್ದು ನಿಂತವನು ಸಿದ್ದಮಲ್ಲಪ್ಪ.

"ಮೈಗೆಲ್ಲ ಸಗಣಿ ಮೆತ್ಕಂಡು ಬಂದ ನಮ್ಗೇ ಏನೂ ಆಗ್ನಿಲ್ಲ ಕಣ್ಲಾ. ಚಿಟಿಕೆ ಬೂದಿಗ ಸತ್ತೋಯ್ತಾ ನಿನ್ ಮಿಷಿನ್ನು?" ಎಂದು ಟವಲು ಕೊಡವಿಕೊಂಡು ಹೋದ.

ಆಮೇಲೆ ಶುರುವಾಯಿತು ಪರೀಕ್ಷೆ. ಒಂದೊಂದೇ ಚಿಪ್ಪು ಕಿತ್ತು, ಅದರ ಕಾಲುಗಳನ್ನು ರಬ್ಬರಿನಿಂದ ಉಜ್ಜಿ, ಇದರ ಜಾಗಕ್ಕೆ ಅದನ್ನು, ಅದರ ಜಾಗಕ್ಕೆ ಇದನ್ನು ಕೂರಿಸಿದ. ಕರೆಂಟಿನ ಏರಿಳಿತವಿರಬಹುದೆಂದು ಸ್ಟೆಬಿಲೈಸರ್ ಹಾಕಿದ. ನೆನಪಿನ ಒಂದೊಂದು ಮನೆಗೂ ಒಂದು ಅಂಕಿ ಇಟ್ಟು, ಇಟ್ಟದ್ದೇ ವಾಪಸು ಬರುತ್ತದೆಯೇ ಎಂದು ನೋಡುವ ಪ್ರೋಗ್ರಾಂ ಬರೆದು ಓಡಿಸಿದ. ಮುಚ್ಚಳ ಹಾಕಿದ್ದರೆ ದಿನವಿಡೀ ಒಂದು ತಪ್ಪೂ ಇಲ್ಲ. ಮುಚ್ಚಳ ತೆಗೆದು ಬಗ್ಗಿ ನೋಡಿದನೋ, ತಪ್ಪೇ ತಪ್ಪು. ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ? ಮುಚ್ಚಳ ತೆಗೆದಾಗ ಗಾಳಿಯಲ್ಲಿರುವ ಬೂದಿ ಒಳಗೆ ಬೀಳುತ್ತಿದೆ ಎಂದು ತೀರ್ಮಾನಿಸಿದ. ಬುದ್ಧಿವಂತರ ತೀರ್ಮಾನವೇ ಹೀಗೆ, ಸಲೀಸಾಗಿ ಇನ್ನೊಬ್ಬರ ತಲೆಯ ಮೇಲೆ ಹೋಗಿ ಕೂರುತ್ತದೆ.

ಮನೆಯೊಳಗೆ ವಿಭೂತಿಯೇ ಇರಕೂಡದೆಂದ. ತಾನೂ ಹಣೆಗೆ ಹಚ್ಚುವುದನ್ನು ಬಿಟ್ಟ. ಪುಟ್ಟಮಲ್ಲಮ್ಮ ವಿಭೂತಿ ಗಟ್ಟಿಯನ್ನು ಕೊಟ್ಟಿಗೆಯ ಗೂಡಿನಲ್ಲಿಟ್ಟು, ಎಮ್ಮೆಯ ಪಕ್ಕ ಕೂತು ಲಿಂಗಪೂಜೆ ಮಾಡಿಕೊಳ್ಳತೊಡಗಿದಳು. ನಡುಕೋಣೆ ದಾಟುವಾಗ ಎರಡೂ ಕೈಗಳನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡು ಹೋಗುತ್ತಿದ್ದಳು. ಅದನ್ನು ಕಂಡಾಗಲೆಲ್ಲ ಅವನಿಗೆ ಚುರುಕ್ಕೆನ್ನುತ್ತಿತ್ತು. ತಪ್ಪು ತನ್ನದಲ್ಲವಲ್ಲ ಎಂದು ಸುಮ್ಮನಾಗುತ್ತಿದ್ದ.

ಒಂದು ಬೆಳಿಗ್ಗೆ ಅವನ ಕೊರಳಿನ ಶಿವದಾರ ಕಿತ್ತುಹೋಯಿತು. ಹೊಸದು ಸಿಗುವ ತನಕ, ಲಿಂಗವಿದ್ದ ಬೆಳ್ಳಿಯ ಕರಡಿಗೆಯನ್ನು ಬಟ್ಟೆಯಲ್ಲಿ ಸುತ್ತಿ ಎದೆಗೆ ಬಿಗಿಯಾಗಿ ಕಟ್ಟಿಕೊಂಡ. ಅಂದು ಮುಚ್ಚಳ ತೆಗೆದು ಎಷ್ಟು ಬಗ್ಗಿದರೂ ಒಂದು ತಪ್ಪಿಲ್ಲ. ಅಂತೂ ಬೂದಿ ತೊಲಗಿತು ಎಂದು ಹಿಗ್ಗಿದ.

ಮರುದಿನ ಹೊಸ ದಾರದಲ್ಲಿ ಕರಡಿಗೆ ತೂಗುಬಿಟ್ಟುಕೊಂಡು ಪೆಟ್ಟಿಗೆಯ ಮೇಲೆ ಬಗ್ಗಿದ. ಟಿಣ್ ಎಂದಿತು. ಟೀವಿಯಲ್ಲಿ ಚುಕ್ಕಿ ಗೆರೆ. ಅವನು ಬಗ್ಗಿದವನು ಹಾಗೆಯೇ ನಿಂತ. ಗುಂಡಿ ಹಾಕದ ಅಂಗಿಯಿಂದ ಕರಡಿಗೆ ಹೊರಗೆ ಜಾರಿ, ಚಿಪ್ಪುಗಳ ಕಾಲಿನ ಮೇಲೆ ಕೂತಿತ್ತು. ಎತ್ತಿ ಹಿಡಿದು ಪ್ರೋಗ್ರಾಂ ಓಡಿಸಿದ, ಸರಿಯಿತ್ತು. ಮತ್ತೆ ತಾಗಿಸಿದ, ಕೆಟ್ಟಿತು. ಬೆಳ್ಳಿ ತಾಗಿದರೆ ಒಂದು ಕಾಲಿನ ಕರೆಂಟು ಇನ್ನೊಂದಕ್ಕೆ ಹರಿಯುತ್ತದೆಂದು ರೇಡಿಯೊ ರಿಪೇರಿಯವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಇಷ್ಟು ದಿನವೂ ದೋಷ ಹುಡುಕಲು ಬಗ್ಗಿದವನು ದೋಷವನ್ನು ಕೊರಳಲ್ಲೇ ಹೊತ್ತು ತಂದಿದ್ದ.

ನಾಚಿಕೆಯಿಂದ ಕಿವಿ ಬಿಸಿಯಾಯಿತು. ಗುಂಡಿ ಹಾಕಿಕೊಂಡು, ಮಿಷಿನ್ನು ಸರಿಹೋಯಿತೆಂದುಬಿಟ್ಟರೆ ಯಾರಿಗೂ ತಿಳಿಯುವುದಿಲ್ಲ ಎಂದೂ ಒಂದು ಗಳಿಗೆ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ಇನ್ನಷ್ಟು ನಾಚಿಕೆಯಾಯಿತು. ನೆಟ್ಟಗೆ ಸಿದ್ದಮಲ್ಲಪ್ಪನ ಮನೆಗೆ ಹೋದ.

"ಅಣ್ಣ, ವಸಿ ನಮ್ ಕೊಟ್ಟಿಗ ತಾವ್ಕ ಬನ್ನಿ. ನಿಮ್ ಮುಂದ್ಲೇ ನಾನು ಅವ್ವನ್ನ ಅಂದಿದ್ದಿ, ನಿಮ್ ಮುಂದ್ಲೇ ತಪ್ಪಾಯ್ತು ಅಂತ ಏಳ್ಬೇಕು."

ಕೊಟ್ಟಿಗೆಯಲ್ಲಿ ಅವ್ವ ಪೂಜೆ ಮುಗಿಸಿ ಕೂತಿದ್ದಳು. ಶಿವಶಂಕರಪ್ಪ ಅವಳ ಮುಂದೆ ಮಂಡಿಯೂರಿ ತಲೆ ಬಗ್ಗಿಸಿದ. ಕರಡಿಗೆ ಅಂಗಿಯಿಂದ ಜಾರಿ ಇಬ್ಬರ ನಡುವೆ ತೂಗಾಡಿತು.

"ಮಿಷಿನ್ ಕೆಡ್ಸುದ್ದು ನಿನ್ ಬೂದಿ ಅಲ್ಲ ಕಣವ್ವ. ಈ ಕರಡಿಗ. ಬಗ್ಗುದಾಗ್ಲೆಲ್ಲ ಇದೇ ಒಳಕ್ ತಾಕ್ತಿತ್ತು."

ಪುಟ್ಟಮಲ್ಲಮ್ಮ ಗಾಬರಿಯಿಂದ ಕರಡಿಗೆಯನ್ನು ಎರಡೂ ಅಂಗೈಯಲ್ಲಿ ಮುಚ್ಚಿ ಹಿಡಿದಳು.

"ಲಿಂಗದ್ ಮ್ಯಾಲ ತಪ್ಪ ಒರುಸ್ಬ್ಯಾಡ ಮಗ. ನನ್ ಬೂದಿಯಿಂದ್ಲೇ ಆಯ್ತು ಅನ್ನು. ನಂಗೇನಿಲ್ಲ."

"ಲಿಂಗದ್ದಲ್ಲವ್ವ, ನಂದು. ಗುಂಡಿ ಆಕ್ದೆ ಬಗ್ಗುದೋನು ನಾನು. ನಿನ್ನ ಕೊಟ್ಟಿಗ್ಗ ತಳ್ಳುದೋನೂ ನಾನು. ನನ್ ಅಣೆಗ ವಿಭೂತಿ ಇಡವ್ವ."

ಸಿದ್ದಮಲ್ಲಪ್ಪ ಎಮ್ಮೆಯ ಕಡೆ ಮುಖ ತಿರುಗಿಸಿಕೊಂಡ. ಪುಟ್ಟಮಲ್ಲಮ್ಮ ಗಟ್ಟಿಯ ಮೇಲೆ ಬೆರಳು ತೀಡಿ ಮಗನ ಹಣೆಗೆ ನಿಧಾನವಾಗಿ ಎಳೆದಳು. ತಲೆ ಬಗ್ಗಿಸಿದ್ದ ಶಿವಶಂಕರಪ್ಪನಿಗೆ ಅವಳ ಮುಖ ಕಾಣಲಿಲ್ಲ, ಎಡಗೈ ಮಾತ್ರ ಕಂಡಿತು. ಆ ಸಗಣಿ ನೆಲದ ಮೇಲೂ ಒಂದು ಕಣ ಬೂದಿ ಉದುರಬಾರದೆಂದು ಅವಳು ಆ ಕೈಯನ್ನು ಬಲಗೈಯ ಕೆಳಗೆ ಬಟ್ಟಲಿನ ಹಾಗೆ ಹಿಡಿದಿದ್ದಳು.