ಹೆಸರಿಗೊಬ್ಬ ಅಭ್ಯರ್ಥಿ

ಮೇಷ್ಟ್ರು ಸಂಸತ್ತಿಗೆ ಮೂರು ಸಲ ನಿಂತಿದ್ದರು. ಮೊದಲ ಸಲ ಗೆದ್ದರು. ಲೆಕ್ಕದ ಪಾಠ ಮಾಡುತ್ತಿದ್ದ ಮನುಷ್ಯ ಆ ಐದು ವರ್ಷದಲ್ಲಿ ಸದನದಲ್ಲಿ ಬಾಯಿ ತೆರೆದದ್ದು ಎರಡೇ ಬಾರಿ. ಎರಡೂ ಸಲ ಊರಿನ ಆಸ್ಪತ್ರೆಗೆ ಡಾಕ್ಟರು ಬೇಕೆಂದು ಕೇಳಲು. ಆಮೇಲೆ ಎರಡು ಸಲ ಮಣ್ಣು ಮುಕ್ಕಿದರು. ನಾಲ್ಕನೆಯ ಸಲ ಪಕ್ಷದವರು ಟಿಕೆಟನ್ನು ಸಿಮೆಂಟ್ ವ್ಯಾಪಾರಿಯೊಬ್ಬನಿಗೆ ಕೊಟ್ಟರು. ಮೇಷ್ಟ್ರಿಗೆ ಒಂದು ಫೋನು ಮಾಡುವ ಸೌಜನ್ಯವೂ ಯಾರಿಗೂ ಇರಲಿಲ್ಲ.

ನಾಮಪತ್ರಕ್ಕೆ ಎರಡು ದಿನ ಉಳಿದಿರುವಾಗ ಪಕ್ಷದ ಕಾರ್ಯದರ್ಶಿ ಮನೆಗೆ ಬಂದ. ಮೇಷ್ಟ್ರು ಲಗುಬಗೆಯಿಂದ ಅಂಗಿ ಬದಲಿಸಿಕೊಂಡು ಬಂದು ಕೂತರು. ಹೆಂಡತಿ ಬಾಗಿಲ ಬಳಿ ನಿಂತರು.

"ಈ ಸಲಾನೂ ನೀವು ನಿಲ್ಬೇಕು ಸಾರ್."

"ಯಾಕೆ, ಸಿಮೆಂಟಿನವರು ಹಿಂದೆ ಸರಿದ್ರಾ?"

"ಅಯ್ಯೋ ಇಲ್ಲ, ಅವರೇ ನಮ್ಮ ಕ್ಯಾಂಡಿಡೇಟು. ನೀವು ಪಕ್ಷೇತರರಾಗಿ ನಿಲ್ಲಿ. ಎದುರು ಪಕ್ಷದ ವಕೀಲರದ್ದೂ ನಿಮ್ಮದೂ ಒಂದೇ ಹೆಸರಲ್ವಾ? ಮತಯಂತ್ರದಲ್ಲಿ ಎರಡೂ ಇದ್ರೆ ಜನ ತಬ್ಬಿಬ್ಬಾಗ್ತಾರೆ. ಪ್ರಚಾರಕ್ಕೂ ಹೋಗೋದು ಬೇಡ, ಆರಾಮಾಗಿ ಮನೇಲಿರಿ."

"ಹೆಸರಿಗೊಬ್ಬರು ಬೇಕು ಅನ್ನಿ," ಎಂದರು ಹೆಂಡತಿ.

ಕಾರ್ಯದರ್ಶಿ ನಕ್ಕ. "ಮಗಳ ವರ್ಗಾವಣೆ ನನಗೆ ಬಿಡಿ," ಎಂದ. ನರ್ಸಾಗಿದ್ದ ಮಗಳು ಆರು ವರ್ಷದಿಂದ ಗಂಡನನ್ನೂ ಮಗುವನ್ನೂ ಇಲ್ಲಿ ಬಿಟ್ಟು ದೂರದೂರಿನಲ್ಲಿದ್ದಳು. ಮೇಷ್ಟ್ರು ಹೆಂಡತಿಯ ಮುಖ ನೋಡದೆ ಸಹಿ ಹಾಕಿದರು.

ಸಿಮೆಂಟ್ ವ್ಯಾಪಾರಿ ನಾಲ್ಕು ಸಾವಿರ ಮತಗಳಿಂದ ಗೆದ್ದ. ಹೊಸ್ತಿಲು ದಾಟದ ಮೇಷ್ಟ್ರಿಗೆ ಒಂಬತ್ತು ಸಾವಿರ ಬಿದ್ದಿತ್ತು. ಅದರಲ್ಲಿ ಒಂದೆರಡು ಸಾವಿರವಾದರೂ ಹಳೆಯ ವಿಶ್ವಾಸಕ್ಕೆ ಬಂದದ್ದಿರಬೇಕು ಎಂದು ಅವರು ಒಳಗೊಳಗೇ ನಂಬಿಕೊಂಡರು.

ವಾರದ ನಂತರ ಇಸ್ತ್ರಿ ಅಂಗಡಿಗೆ ಹೋದರು. ಇಸ್ತ್ರಿಯವನು ಅವರ ಹಳೆಯ ವಿದ್ಯಾರ್ಥಿ. ತಲೆ ಎತ್ತದೆಯೇ ಹೇಳಿದ: "ಮೇಷ್ಟ್ರೇ, ವಕೀಲರಿಗೆ ಹಾಕೋಕೆ ಹೋಗಿ ನಿಮಗೆ ಒತ್ಬಿಟ್ಟೆ. ನಮ್ಮ ಬೀದಿಗೆ ನೀರು ಬರೋ ಹಾಗೆ ಮಾಡಿದ್ದು ಅವರು. ಅವತ್ತಿಂದ ಹೊಟ್ಟೆ ಉರೀತಿದೆ."

ಮೇಷ್ಟ್ರು ಬಟ್ಟೆ ತೆಗೆದುಕೊಂಡು ಹೊರಟರು.

ಕಾರ್ಯದರ್ಶಿ ಮಾತಿಗೆ ತಪ್ಪುವವನಲ್ಲ. ವರ್ಗಾವಣೆಯ ಆದೇಶ ಆ ತಿಂಗಳೇ ಬಂತು. ಮಗಳು ಎರಡು ಬೀದಿಯಾಚೆಗಿನ ಗಂಡನ ಮನೆಗೆ ಬಂದಳು. ತವರಿನ ಕಡೆ ಮಾತ್ರ ತಲೆ ಹಾಕಲಿಲ್ಲ. ತಾಯಿಗೆ ಫೋನು ಮಾಡಿದ್ದಳು.

"ಆಸ್ಪತ್ರೇಲಿ ಅವಳನ್ನ ಕಂಡ್ರೆ ಎಲ್ಲ ಪಿಸಪಿಸ ಅಂತಾರಂತೆ," ಎಂದರು ಹೆಂಡತಿ. "ಅಪ್ಪ ನನ್ನನ್ನ ಒಂದು ಮಾತು ಕೇಳಬಾರದಿತ್ತಾ ಅಂದ್ಲು."

ಬೀದಿ ಬಾಗಿಲು ತೆರೆದಿದ್ದರೂ ಅದನ್ನು ಹೇಳುವಾಗ ಅವರು ಧ್ವನಿ ತಗ್ಗಿಸಲಿಲ್ಲ.