ಮೂರನೇ ನಂಬರಿನ ಬಾಟಲಿ

ಬೀದಿಯವರೆಲ್ಲ ಅವರನ್ನು ನೀರಪ್ಪ ಎಂದೇ ಕರೆಯುತ್ತಿದ್ದರು. ಊರಿನ ನೀರು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಇಪ್ಪತ್ತಾರು ವರ್ಷ ದುಡಿದವರು. ಮದುವೆ ಮನೆಗೆ ಹೋದರೂ ಲೋಟವನ್ನು ಬೆಳಕಿಗೆ ಹಿಡಿದು ನೋಡದೆ ಒಂದು ಗುಟುಕು ಕುಡಿದವರಲ್ಲ. ಅಂಥವರ ಮಗಳು ಮುಂದಿನ ಶನಿವಾರದಿಂದ ಗೆಳತಿಯರೊಂದಿಗೆ ನಾಲ್ಕು ದಿನ ಬೆಟ್ಟ ಹತ್ತುತ್ತೇನೆ, ದಾರಿಯಲ್ಲಿ ಸಿಗುವ ತೊರೆಯ ನೀರು ಕುಡಿಯುತ್ತೇನೆ ಎಂದರೆ ಎದೆ ಝಲ್ಲೆನ್ನದೆ ಇದ್ದೀತೇ?

"ಫಿಲ್ಟರ್ ಇರುತ್ತಪ್ಪಾ," ಎಂದಳು ಮಗಳು. ಗೆಳತಿಯರಿಂದ ಮೂರು ಬಗೆಯದನ್ನು ಎರವಲು ತಂದಿದ್ದಳು. ಒಂದು, ತೊರೆಗೆ ಬಾಯಿ ಹಚ್ಚಿ ಹೀರುವ ಕೊಳವೆ. ಇನ್ನೊಂದು, ಕೈಯಲ್ಲಿ ಒತ್ತುವ ಪಂಪು. ಮತ್ತೊಂದು, ನೀರು ತುಂಬಿ ಹಿಂಡುವ ಚೀಲ. "ಇದರಲ್ಲಿ ಯಾವುದು ಒಳ್ಳೇದು ಅಂತ ನೀನೇ ಹೇಳು, ಅದನ್ನೇ ಕೊಂಡ್ಕೊತೀನಿ."

"ಮೂರನ್ನೂ ಪರೀಕ್ಷೆ ಮಾಡ್ತೀನಿ. ಒಂದು ಫೇಲಾದ್ರೂ ಶನಿವಾರ ನೀನು ಮನೇಲೇ."

"ಇದ್ಯಾವ ನ್ಯಾಯ ರೀ? ಒಂದು ಕೆಟ್ಟದಾದ್ರೆ ಇನ್ನೊಂದು ತಗೊಂಡ್ರಾಯ್ತು," ಎಂದರು ಹೆಂಡತಿ.

ನೀರಪ್ಪ ಕಿವಿ ಕೇಳದವರಂತೆ ಕೊಳವೆಯನ್ನು ಒರೆಸತೊಡಗಿದರು. ಮೂರರಲ್ಲಿ ಒಂದಾದರೂ ಫೇಲಾಗಲಿ ಎಂಬುದೇ ಅವರ ಒಳಗಿನ ಹಾರೈಕೆ.

ಭಾನುವಾರ ಆ ಬೆಟ್ಟದ ಬುಡದ ತೊರೆಯಿಂದ ಒಂದು ಕೊಡ ನೀರು ತಂದರು. ನೋಡಲು ಗಾಜಿನಷ್ಟು ತಿಳಿ. ಕೊಳವೆ ಪರೀಕ್ಷಿಸಲು ಅಂಗಳದಲ್ಲಿ ಮಂಡಿಯೂರಿ ಬಕೆಟ್ಟಿಗೆ ಬಾಯಿ ಹಾಕಿ, ಹೀರಿದ್ದನ್ನು ಲೋಟಕ್ಕೆ ಉಗುಳಿದರು. "ಎಮ್ಮೆ ಯಾವಾಗ ತಂದ್ರಿ?" ಎಂದು ಪಕ್ಕದ ಮನೆಯ ಅಜ್ಜಿ ಗೋಡೆಯಾಚೆಯಿಂದ ಕೇಳಿದರು.

"ಉಗುಳಿದ ನೀರನ್ನ ಪರೀಕ್ಷೆ ಮಾಡ್ತೀಯಾ? ಅದ್ರಲ್ಲಿ ನಿನ್ನ ಬಾಯಿ ಕ್ರಿಮಿ ಇರುತ್ತೆ," ಎಂದು ಮಗಳು ಕೊಳವೆಯನ್ನು ಕಸಿದುಕೊಂಡು, ಒಂದು ಸಿರಿಂಜು ಸಿಕ್ಕಿಸಿ ನೀರೆಳೆದಳು. ಮಾತು ಸರಿಯಾಗಿದ್ದುದರಿಂದ ನೀರಪ್ಪನಿಗೆ ಇನ್ನಷ್ಟು ಸಿಟ್ಟು ಬಂತು.

ಸೋಸಿದ್ದು ಮೂರು, ಸೋಸದೆ ಹಾಗೇ ಬಿಟ್ಟದ್ದು ಒಂದು. ಒಟ್ಟು ನಾಲ್ಕು ಮಾದರಿ. ಯಾವುದು ಯಾವುದೆಂದು ಪರೀಕ್ಷೆ ಮಾಡುವವನಿಗೆ ಗೊತ್ತಿರಬಾರದು ಎಂಬುದು ಕಚೇರಿಯ ಪದ್ಧತಿ. ಅದಕ್ಕೇ ನಂಬರು ಹಚ್ಚುವ ಕೆಲಸ ಹೆಂಡತಿಗೆ ಬಿತ್ತು. ಅವರು ಪಟ್ಟಿ ಬರೆದು ಅಕ್ಕಿ ಡಬ್ಬಿಯಲ್ಲಿ ಬಚ್ಚಿಟ್ಟರು. ಪ್ರಯೋಗಾಲಯಕ್ಕೆ ಒಯ್ದು ಉಳಿದ ನೀರು ಮನೆಯ ನಾಲ್ಕು ಸ್ಟೀಲ್ ಬಾಟಲಿಗಳಲ್ಲಿ, ಅವೇ ನಂಬರು ಹೊತ್ತು, ಫ್ರಿಜ್ ಸೇರಿತು. "ಯಾರೂ ಮುಟ್ಟಕೂಡದು," ಎಂದು ನೀರಪ್ಪ ಅಪ್ಪಣೆ ಹೊರಡಿಸಿದರು.

ಬುಧವಾರ ಮಧ್ಯಾಹ್ನ ಸುಡುಬಿಸಿಲಿನಲ್ಲಿ ವರದಿ ಹಿಡಿದು ಓಡಿಬಂದರು. ಮುಖ ಊರಗಲ. ಫ್ರಿಜ್ ತೆರೆದು, ಕೈಗೆ ಸಿಕ್ಕ ಬಾಟಲಿಯನ್ನು ಗಟಗಟನೆ ಅರ್ಧ ಇಳಿಸಿ, ಬಾಯಿ ಒರೆಸಿಕೊಂಡು ಕೂಗಿದರು:

"ಮೂರನೇ ನಂಬರು ಫೇಲ್! ಕ್ರಿಮಿಗಳ ಜಾತ್ರೇನೇ ನೆರೆದಿದೆ! ನಾನು ಹೇಳ್ಲಿಲ್ವಾ?"

ಮಗಳ ಮುಖ ಬಾಡಿತು. ಹೆಂಡತಿ ಅಕ್ಕಿ ಡಬ್ಬಿಗೆ ಕೈಹಾಕಿ ಪಟ್ಟಿ ತೆಗೆದರು. ಓದಿದರು. ಗಂಡನ ಕೈಯಲ್ಲಿದ್ದ ಬಾಟಲಿ ನೋಡಿದರು. ಮತ್ತೆ ಪಟ್ಟಿ ನೋಡಿದರು.

"ಮೂರನೇದು ಸೋಸದೇ ಇರೋ ನೀರು ಕಣ್ರೀ. ಫಿಲ್ಟರ್ ಮೂರೂ ಪಾಸು."

"ಹಾಗಾದ್ರೆ..."

"ನಿಮ್ಮ ಕೈಯಲ್ಲಿರೋದು ಎಷ್ಟನೇ ನಂಬರು?"

ನೀರಪ್ಪ ಬಾಟಲಿ ತಿರುಗಿಸಿದರು. ಹೆಂಡತಿಯ ಗುಂಡು ಅಕ್ಷರದಲ್ಲಿ '೩' ಇತ್ತು. ಬಾಟಲಿಯನ್ನು ಮೇಜಿನ ಮೇಲಿಟ್ಟು ದೂರ ತಳ್ಳಿದರು. "ಮುಗೀತು ನನ್ನ ಕಥೆ."

"ಈಗ್ಲೇ ಏನೂ ಆಗಲ್ಲಪ್ಪ. ಆದ್ರೆ ನಾಳೆ..." ಎಂದು ಮಗಳು ಬೆಟ್ಟಕ್ಕೆ ಕಟ್ಟಿಟ್ಟಿದ್ದ ಚೀಲ ಬಿಚ್ಚಿದಳು. ಉಪ್ಪು-ಸಕ್ಕರೆಯ ಪುಡಿ, ಜ್ವರ ನೋಡುವ ಕಡ್ಡಿ, ಬ್ಯಾಂಡೇಜು, ಹತ್ತಿರದ ಆಸ್ಪತ್ರೆಗಳ ಫೋನ್ ನಂಬರಿನ ಚೀಟಿ. ಒಂದೊಂದಕ್ಕೂ ಒಂದೊಂದು ಪುಟ್ಟ ಚೀಲ, ಒಂದೊಂದಕ್ಕೂ ಹೆಸರಿನ ಚೀಟಿ. ನೀರಪ್ಪ ಕಣ್ಣರಳಿಸಿ ನೋಡಿದರು. ಹೀಗೆ ಚೀಟಿ ಅಂಟಿಸುವ ಹುಚ್ಚು ಯಾರಿಂದ ಬಂತೆಂದು ಕೇಳಬೇಕಾಗಿರಲಿಲ್ಲ.

ಗುರುವಾರ ಬೆಳಿಗ್ಗೆ ತೊರೆ ತನ್ನ ಪ್ರತಾಪ ತೋರಿಸಿತು. ಕಕ್ಕಸಿನ ಬಾಗಿಲ ಹೊರಗೆ ಮಗಳು ಪುಸ್ತಕ ಹಿಡಿದು ನಿಂತಿದ್ದಳು.

"ಎಷ್ಟನೇದಪ್ಪಾ?"

"ನಾಲ್ಕು," ಎಂದು ಒಳಗಿನಿಂದ ಕ್ಷೀಣ ಸ್ವರ ಬಂತು.

"ಸಮಯ ಬರ್ಕೊಂಡಿದ್ದೀನಿ. ಹೊರಗೆ ಬಂದ್ಮೇಲೆ ಒಂದು ಲೋಟ ಪುಡಿ ನೀರು. ಜ್ವರ ಬಂದ್ರೆ ಡಾಕ್ಟ್ರ ಹತ್ರ ಹೋಗೋದೇ, ವಾದ ಇಲ್ಲ."

ಜ್ವರ ಬರಲಿಲ್ಲ. ಶುಕ್ರವಾರ ಸಂಜೆ ಗಂಜಿ ಕುಡಿದು ಎದ್ದು ಕುಳಿತ ನೀರಪ್ಪ ಮೂರು ಫಿಲ್ಟರನ್ನೂ ಮುಂದಿಟ್ಟುಕೊಂಡರು. ಒಂದೊಂದನ್ನೂ ಎತ್ತಿ ನೋಡಿ, ಹಿಂಡುವ ಚೀಲವನ್ನು ಮಗಳ ಕಡೆ ತಳ್ಳಿದರು.

"ಇಂಥದ್ದನ್ನೇ ತಗೋ. ಅಂಗಡಿ ಮುಚ್ಚೋದರೊಳಗೆ ಹೋಗಿ ಬಾ. ಕೊಳವೆ ಆದ್ರೆ ಬಗ್ಗಿ ಕುಡಿಯೋ ಶಕ್ತಿ ಇದ್ದವರಿಗೆ ಮಾತ್ರ. ಪಂಪು ಭಾರ. ಇದ್ರಲ್ಲಾದ್ರೆ ಒಬ್ಬಳು ಮಲಗಿದ್ರೂ ಇನ್ನೊಬ್ಬಳು ಹಿಂಡಿ ಕುಡಿಸಬಹುದು."

ಮಗಳು ಅಪ್ಪನ ತೋಳಿಗೆ ಒಮ್ಮೆ ತಲೆ ಒರಗಿಸಿ, ಚಪ್ಪಲಿ ಮೆಟ್ಟಿ ಓಡಿದಳು.

ಹೆಂಡತಿ ಉಳಿದವೆರಡರಲ್ಲಿ ಕೊಳವೆಯನ್ನು ಎತ್ತಿ ಫ್ರಿಜ್ಜಿನ ಹಿಡಿಗೆ ದಾರ ಕಟ್ಟಿ ನೇತುಹಾಕಿದರು.

"ಅದ್ಯಾಕೆ ಅಲ್ಲಿ? ವಾಪಸ್ ಕೊಡಬೇಕಲ್ವಾ?"

"ಕೊಡೋಣ. ಅವಳು ಬರೋ ತನಕ ಇರ್ಲಿ. ಬೆಟ್ಟದಲ್ಲಿ ಅವಳ ಚಿಂತೆ ನನಗಿಲ್ಲ," ಎಂದರು ಅವರು. "ಮನೇಲಿ ಫ್ರಿಜ್ ತೆಗೆಯೋರದ್ದೇ ಚಿಂತೆ."