ಪರದೆಯ ಆಚೆಯ ಉಸಿರು

ಬ್ಯಾಂಡ್ ಸ್ಪರ್ಧೆಯ ತೀರ್ಪುಗಾರನನ್ನು ಕೂರಿಸುವ ಗೂಡು ಸಭಾಂಗಣದ ನಡುಮಧ್ಯದಲ್ಲಿತ್ತು. ನಾಲ್ಕು ಮರದ ಕಂಬ, ಸುತ್ತ ದಪ್ಪನೆಯ ಕಪ್ಪು ಪರದೆ, ಒಳಗೆ ಒಂದು ಮೇಜು, ಎರಡು ಕುರ್ಚಿ, ದೀಪ. ಯಾರು ಮೊದಲು ನುಡಿಸಬೇಕು, ಯಾರು ಆಮೇಲೆ ಎಂಬುದನ್ನು ಹೊರಗೆ ಚೀಟಿ ಎತ್ತಿ ಗೊತ್ತುಮಾಡುತ್ತಾರೆ. ಒಳಗಿರುವವರಿಗೆ ಅದು ತಿಳಿಯಬಾರದು. ಹೊರಗೆ ಸೀಟಿ ಊದಿದರೆ ಬ್ಯಾಂಡಿನವರು ಸಿದ್ಧ, ಒಳಗೆ ಗಂಟೆ ಬಾರಿಸಿದರೆ ತೀರ್ಪುಗಾರ ಸಿದ್ಧ. ಎಲ್ಲರೂ ನುಡಿಸುವುದು ಒಂದೇ ಕೃತಿ.

ಆ ವರ್ಷದ ತೀರ್ಪುಗಾರ ನನ್ನ ತಮ್ಮ. ಬರೆಯುವಾಗ ಅವನ ಕೈ ನಡುಗುತ್ತದೆ. ಹಾಗಾಗಿ ಹೇಳಿದ್ದನ್ನು ಬರೆದುಕೊಳ್ಳಲು ನಾನು ಜೊತೆಗಿದ್ದೆ. ಬಾಯಿ ಬಿಡಬಾರದು ಎಂಬುದೊಂದೇ ನನಗಿದ್ದ ನಿಯಮ.

ಅವನು ಸುಲಭವಾಗಿ ಒಪ್ಪಿರಲಿಲ್ಲ. ಅವನ ಮಗಳು ಅಂಚೆ ಕಚೇರಿಯ ಬ್ಯಾಂಡಿನಲ್ಲಿ ಮುಖ್ಯ ಕಾರ್ನೆಟ್ ಊದುತ್ತಾಳೆ. ಕಾರ್ನೆಟ್ ಎಂದರೆ ತುತ್ತೂರಿಯ ಗಿಡ್ಡ ತಂಗಿ ಎಂದುಕೊಳ್ಳಿ. ಹಿಂದಿನ ವರ್ಷದ ತೀರ್ಪುಗಾರ ತನ್ನ ಭಾವನ ಬ್ಯಾಂಡಿಗೆ ಮೊದಲ ಬಹುಮಾನ ಕೊಟ್ಟಿದ್ದ. ಪರದೆಯಲ್ಲಿ ತೂತಿತ್ತು ಎಂದು ಜನ ವರ್ಷವಿಡೀ ಆಡಿಕೊಂಡರು.

"ನನ್ನ ಹೆಸರಿಗೂ ಮಸಿ ಬಳಿದಾರು ಅಕ್ಕ," ಎಂದು ತಮ್ಮ ಹೆದರಿದ್ದ.

ಕೊನೆಗೆ ಅವನು ಒಪ್ಪಿದ ದಿನದಿಂದ ಮಗಳು, ಅಪ್ಪನ ಕಿವಿಗೆ ಬೀಳಬಾರದೆಂದು, ಮನೆಯಲ್ಲಿ ಊದುವುದನ್ನೇ ಬಿಟ್ಟು, ಅಂಚೆ ವಿಂಗಡಿಸುವ ಕೋಣೆಯಲ್ಲಿ ಚೀಲಗಳ ನಡುವೆ ಅಭ್ಯಾಸ ಮಾಡಿದಳು.

ಕೃತಿಯ ನಡುವೆ ಒಂಟಿ ಕಾರ್ನೆಟ್ಟಿಗೆ ಒಂದು ಉದ್ದನೆಯ ಸ್ವರವಿದೆ. ಅದಕ್ಕೆ ಸ್ವಲ್ಪ ಮೊದಲು ವಿರಾಮ ಬರುತ್ತದೆ, ಎಲ್ಲರೂ ಉಸಿರು ತುಂಬಿಕೊಳ್ಳುವುದು ಅಲ್ಲೇ. ತಮ್ಮ ಮಾತ್ರ ಮಗಳಿಗೆ ಬೇರೆ ರೀತಿ ಕಲಿಸಿದ್ದ: ಸ್ವರ ಹಿಡಿಯುವ ಕ್ಷಣದಲ್ಲಿ ತುಟಿಯ ಸಂದಿಯಿಂದ ಇನ್ನೊಂದು ಗುಟುಕು. ಕಿವಿಗೊಟ್ಟರೆ ಸುಯ್ ಎನ್ನುವುದು ಕೇಳಿಸುತ್ತದೆ. ಬೇರೆ ಯಾರೂ ಹಾಗೆ ಮಾಡಿದ್ದನ್ನು ನಾನು ಕೇಳಿರಲಿಲ್ಲ.

ಮೂರನೆಯ ಬ್ಯಾಂಡಿನ ಉದ್ದ ಸ್ವರ ಕೊನೆಯಲ್ಲಿ ಮುರಿಯಿತು. "ಬರಿ," ಎಂದ ತಮ್ಮ. "ಉಸಿರು ಸಾಲಲಿಲ್ಲ. ಮೊದಲೇ ಒಂದು ಗುಟುಕು ಎಳೆದುಕೊಳ್ಳಬಾರದಿತ್ತೇ?"

ನಾಲ್ಕನೆಯ ಬ್ಯಾಂಡ್ ಶುರುವಾಯಿತು. ಉದ್ದ ಸ್ವರಕ್ಕೆ ಮುಂಚೆ, ಸುಯ್.

ತಾಳ ಹಾಕುತ್ತಿದ್ದ ತಮ್ಮನ ಬೆರಳು ನಿಂತಿತು. ಸ್ವರ ಎಲ್ಲೂ ಅಲುಗದೆ ಬಂದು, ದೀಪ ತಗ್ಗಿಸಿದ ಹಾಗೆ ಮೆಲ್ಲಗೆ ಆರಿತು. ಅಷ್ಟು ಚೆನ್ನಾಗಿ ಅಲ್ಲಿಯವರೆಗೆ ಯಾರೂ ನುಡಿಸಿರಲಿಲ್ಲ.

"ತೊಂಬತ್ತ..." ಎಂದವನು ತಡೆದ. "ಎಂಬತ್ತೊಂದು."

ನಾನು ಪೆನ್ನು ಕೆಳಗಿಟ್ಟೆ.

"ಬರಿ ಅಕ್ಕ."

"ಯಾವ ತಪ್ಪಿಗೆ ಕಳೆದೆ? ಅದನ್ನೂ ಹೇಳು, ಬರೀತೀನಿ."

"ನೀನು ಮಾತಾಡೋ ಹಾಗಿಲ್ಲ."

"ಆಡಿ ಆಯ್ತಲ್ಲ. ಹೇಳು."

"ಡೋಲು ಸ್ವಲ್ಪ ಜೋರಾಯ್ತು."

"ಮೊದಲನೆಯವರ ಡೋಲಿಗೆ ನನ್ನ ಕುರ್ಚಿ ನಡುಗಿತು. ಅವರಿಗೆ ನೀನೇನೂ ಕಳೀಲಿಲ್ಲ."

ಅವನು ಪಿಸುಗುಟ್ಟಿದ. "ಅವಳೇ ಅಕ್ಕ. ನಿನಗೂ ಗೊತ್ತಾಯ್ತು. ಮೊದಲ ಬಹುಮಾನ ಕೊಟ್ಟರೆ ಜನ ಸುಮ್ಮನಿರ್ತಾರಾ?"

"ಅವಳೊಬ್ಬಳೇ ನುಡಿಸಿದ್ಲೇನೋ? ಮಿಕ್ಕವರೆಲ್ಲ ಏನು ಪಾಪ ಮಾಡಿದ್ರು? ಪರದೆ ಕಟ್ಟಿರೋದು ನಿನ್ನ ಕಣ್ಣಿಗೆ. ಕಿವಿಗೂ ಕಟ್ಕೊಂಡ್ಯಾ?"

ಹೊರಗೆ ಮುಂದಿನ ಬ್ಯಾಂಡಿನ ಸೀಟಿ ಕೇಳಿಸಿತು. ಅವನು ಗಂಟೆ ಮುಟ್ಟಲಿಲ್ಲ. ಕನ್ನಡಕ ತೆಗೆದು ಒರೆಸಿದ, ಮತ್ತೆ ಒರೆಸಿದ.

"ತೊಂಬತ್ತನಾಲ್ಕು ಬರಿ," ಎಂದ ಕೊನೆಗೆ. "ಆದರೆ ಗುರುತು ಸಿಕ್ಕಿದ್ದನ್ನ ನಾನು ಮುಚ್ಚಿಡಲ್ಲ."

ಮುಚ್ಚಿಡಲಿಲ್ಲ. ಎಲ್ಲ ಮುಗಿದ ಮೇಲೆ ವೇದಿಕೆ ಹತ್ತಿ, ಫಲಿತಾಂಶ ಓದುವ ಮೊದಲೇ ಮೈಕಿನ ಮುಂದೆ ನಿಂತ.

"ನಾಲ್ಕನೆಯದು ನನ್ನ ಮಗಳ ಬ್ಯಾಂಡ್ ಅಂತ ನನಗೆ ಗೊತ್ತಾಯ್ತು. ಆದರೂ ಎಲ್ಲರಿಗಿಂತ ಚೆನ್ನಾಗಿ ನುಡಿಸಿದ್ದು ಅವರೇ. ನಿಮಗೆ ಒಪ್ಪಿಗೆ ಇಲ್ಲದಿದ್ದರೆ ಬೇರೆಯವರಿಂದ ತೀರ್ಪು ಕೊಡಿಸಿ."

ಹಿಂದಿನ ಸಾಲಿನಿಂದ ಪೊದೆಮೀಸೆಯ ಭಾರಿ ಆಳೊಬ್ಬ ಕಾರ್ನೆಟ್ ಹಿಡಿದು ಎದ್ದು ನಿಂತ. ಬಸ್ ಡಿಪೋದ ಮೆಕ್ಯಾನಿಕ್.

"ಸಾರ್, ನಾಲ್ಕನೆಯದು ನಮ್ಮ ಡಿಪೋ ಬ್ಯಾಂಡು. ನಾನು ಯಾವಾಗ ನಿಮ್ಮ ಮಗಳಾದೆ?"

ಜನ ಬಿದ್ದು ಬಿದ್ದು ನಕ್ಕರು. ತಮ್ಮ ಮೈಕನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದ. ನನಗೆ ಮಾತ್ರ ಆ ಎಂಬತ್ತೊಂದು ನೆನಪಾಯಿತು. ಅದನ್ನೇ ಬರೆದಿದ್ದರೆ, ಅವನ ಮಗಳಾದ ತಪ್ಪಿಗೆ ಆ ಮೀಸೆಯವನು ಸೋಲುತ್ತಿದ್ದ.

ಅಂಚೆ ಕಚೇರಿಯವರಿಗೆ ಎರಡನೆಯ ಸ್ಥಾನ ಬಂತು. ಮಗಳು ಅವರ ಬ್ಯಾಂಡಿಗೆ ನಾನು ಬರೆದ ತೀರ್ಪಿನ ಹಾಳೆ ಹಿಡಿದುಕೊಂಡು ಗೂಡಿನ ಹತ್ತಿರ ಬಂದಳು. ಮೂರನೆಯದಾಗಿ ನುಡಿಸಿದ್ದು ಅವರೇ.

"ಆ ಉಸಿರು ಅವನಿಗೆ ಎಲ್ಲಿಂದ ಬಂತೇ?" ಎಂದ ತಮ್ಮ.

"ನಾನೇ ಹೇಳಿಕೊಟ್ಟೆ ಅಪ್ಪ. ಅವರಿಗೆ ಆ ಸ್ವರ ಪ್ರತಿ ಸಲ ಒಡೀತಿತ್ತು. ಊಟದ ಬಿಡುವಿನಲ್ಲಿ ನಮ್ಮ ಅಂಚೆ ಕೋಣೆಗೆ ಬಂದು ಕೂತ್ಕೋತಿದ್ರು, ಪಾಪ."

"ಮತ್ತೆ ನೀನ್ಯಾಕೆ ಎಳ್ಕೊಳ್ಳಲಿಲ್ಲ?"

"ಎಳ್ಕೊಂಡ್ರೆ ನಿನಗೆ ಗೊತ್ತಾಗುತ್ತಲ್ಲ. ನಿನಗೆ ಸುಮ್ಮನೆ ಕೆಟ್ಟ ಹೆಸರು ಬರೋದು ಬೇಡ ಅಂತ. ಹಾಗೇ ನಿಭಾಯಿಸ್ತೀನಿ ಅಂದ್ಕೊಂಡೆ, ಆಗಲಿಲ್ಲ. ಅವರನ್ನ ನಾನು ಅಂದ್ಕೋತೀಯ ಅಂತ ಮಾತ್ರ ಹೊಳೀಲೇ ಇಲ್ಲ ನೋಡು." ಹಾಳೆಯನ್ನು ನನ್ನ ಮುಂದೆ ಹಿಡಿದಳು. "ಅತ್ತೆ, ಇದೇನು ಬರೆದಿದ್ದೀರಿ? ಒಂದು ಗುಟುಕು ಎಳೆದುಕೊಳ್ಳಬಾರದಿತ್ತೇ ಅಂತೆ!"

ಸ್ವಯಂಸೇವಕರು ಬಂದು ಪರದೆ ಬಿಚ್ಚತೊಡಗಿದರು. ತಮ್ಮ ಒಂದು ತುದಿ ಹಿಡಿದು ಅವರಿಗೆ ಮಡಿಸಿಕೊಟ್ಟ.

"ಮುಂದಿನ ಸಲ ಈ ಗೂಡಿಗೆ ಬೇರೆ ಯಾರಾದ್ರೂ ಬರಲಿ," ಎಂದ ಮಗಳಿಗೆ. "ನಾನು ಆ ಮುಂದಿನ ಸಾಲಿನಲ್ಲಿ ಕೂತ್ಕೋತೀನಿ. ನೀನು ಉಸಿರು ಎಳ್ಕೊ."